ಯಾವ ಮನಸ್ಸಿನ ಮಾತು ನನ್ನ ಮಾತು?

ಮನುಷ್ಯನ ಮನಸ್ಸು ಎಂದೂ ಒಂದೇ ಸಮನಾಗಿ ನಿಲ್ಲುವಂಥದಲ್ಲ. ಬೆಳೆ ಕೈಸೇರಿದ ದಿನ ಅದು ಹಿಗ್ಗುತ್ತದೆ, ಮಳೆ ತಪ್ಪಿದ ವರ್ಷ ಕುಗ್ಗುತ್ತದೆ. ಮಗನಿಗೆ ಕೆಲಸ ದೊರೆತ ಸುದ್ದಿಗೆ ಅರಳುತ್ತದೆ, ಹಿರಿಯರ ಅಗಲಿಕೆಗೆ ಬಾಡುತ್ತದೆ. ಇಂಥ ಏರಿಳಿತಗಳಿಗೆ ಒಂದು ಕಾರಣವಿರುತ್ತದೆ, ಒಂದು ಮೇರೆಯೂ ಇರುತ್ತದೆ. ಕಾರಣವು ಸರಿದಂತೆ ಮನಸ್ಸು ತನ್ನ ಹದಕ್ಕೆ ತಾನೇ ಮರಳುತ್ತದೆ. ಸುಖಕ್ಕೆ ಹಿಗ್ಗದೆ ದುಃಖಕ್ಕೆ ಕುಗ್ಗದೆ ಬಾಳಬೇಕೆಂದು ಹಿರಿಯರು ನಮಗೆ ಬೋಧಿಸುವಾಗ ಅವರ ಕಣ್ಣೆದುರಿಗೆ ಇರುವುದು ಈ ಬಗೆಯ ಮನಸ್ಸೇ ಆಗಿದೆ.

ಆದರೆ ಕಾರಣವನ್ನೂ ಮೇರೆಯನ್ನೂ ಮೀರಿ ಮನಸ್ಸು ಏರುವ ಹಾಗೂ ಇಳಿಯುವ ಒಂದು ಸ್ಥಿತಿಯುಂಟು. ವೈದ್ಯರು ಅದನ್ನು ಬೈಪೋಲಾರ್ ಕಾಯಿಲೆ ಎನ್ನುತ್ತಾರೆ. ದ್ವಿಧ್ರುವ ಮನೋವ್ಯಾಧಿ ಎಂದು ಅದನ್ನು ಕನ್ನಡಿಸಿದವರೂ ಉಂಟು. ಏರಿದಾಗ ಉನ್ಮಾದ, ಇಳಿದಾಗ ಖಿನ್ನತೆ. ನಡುವೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಎಲ್ಲರಂತೆಯೇ ನೆಮ್ಮದಿಯ ಬಾಳು. ಇಂಥ ಮನಸ್ಸನ್ನು ಪಡೆದವನು ಒಳ್ಳೆಯ ಬಾಳನ್ನು ಬಾಳಬಲ್ಲನೆ? ಬಾಳಬಲ್ಲನಾದರೆ ಹೇಗೆ? ಈ ಪ್ರಶ್ನೆಯನ್ನು ಆಸ್ಪತ್ರೆಗೆ ಬಿಟ್ಟು ನಾವು ಸುಮ್ಮನಿರುವಂತಿಲ್ಲ. ಅದರಲ್ಲಿ ಔಷಧದ ವಿಚಾರವಿರುವಷ್ಟೇ ನೀತಿಯ ವಿಚಾರವೂ ಅಡಗಿದೆ. ಸದ್ಭಕ್ತರೂ ಶ್ರೀಮಠದ ಪ್ರಸಾದನಿಲಯದಲ್ಲಿ ಓದಿ ಬೆಳೆದ ಹಳೆಯ ವಿದ್ಯಾರ್ಥಿಗಳೂ ಇದನ್ನು ಕೊಂಚ ಸಾವಧಾನದಿಂದ ಆಲೋಚಿಸಬೇಕೆಂಬುದೇ ಈ ಬರಹದ ಉದ್ದೇಶ.

ಮೊದಲು ಕಾಯಿಲೆಯ ಸ್ವರೂಪವನ್ನು ಅರಿಯೋಣ. ಉನ್ಮಾದದ ಕಾಲದಲ್ಲಿ ನಿದ್ರೆ ಎರಡು ಮೂರು ಗಂಟೆಗೆ ಇಳಿಯುತ್ತದೆ; ಆದರೂ ಆಯಾಸವೆಂಬುದಿಲ್ಲ. ಮಾತು ಹೊಳೆಯಂತೆ ಹರಿಯುತ್ತದೆ. ತಾನು ಏನನ್ನಾದರೂ ಸಾಧಿಸಬಲ್ಲೆನೆಂಬ ನಂಬಿಕೆ ತುಂಬಿಕೊಳ್ಳುತ್ತದೆ. ಹಣ ನೀರಾಗುತ್ತದೆ, ತಡೆದವರ ಮೇಲೆ ಕೋಪ ಉಕ್ಕುತ್ತದೆ. ಹೀಗೆ ಒಂದು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ನಡೆದರೆ ವೈದ್ಯರು ಅದನ್ನು ಉನ್ಮಾದವೆಂದು ಗುರುತಿಸುತ್ತಾರೆ. ಖಿನ್ನತೆಯ ಕಾಲದಲ್ಲಿ ಎಲ್ಲವೂ ಇದಕ್ಕೆ ವಿರುದ್ಧ. ಹಾಸಿಗೆಯಿಂದ ಏಳುವುದೇ ಬೆಟ್ಟ ಹತ್ತಿದಂತಾಗುತ್ತದೆ, ಊಟ ರುಚಿಸದು, ತಾನು ಯಾರಿಗೂ ಬೇಡವಾದವನೆಂಬ ಭಾವನೆ ಎರಡು ವಾರ, ಎರಡು ತಿಂಗಳು, ಇನ್ನೂ ಹೆಚ್ಚು ಕಾಲ ಬಿಡದೆ ಕಾಡುತ್ತದೆ. ಈ ಕಾಯಿಲೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಬಹುಮಟ್ಟಿಗೆ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ, ಅಂದರೆ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವ ವಯಸ್ಸಿನಲ್ಲಿ, ಅದು ಮೊದಲ ಬಾರಿಗೆ ತಲೆದೋರುತ್ತದೆ. ವಂಶದಿಂದ ಬರುವ ಒಲವು ಇದರಲ್ಲಿ ಗಣನೀಯವಾದುದು. ಬೆಳೆಸಿದ ರೀತಿಯ ತಪ್ಪಿನಿಂದಾಗಲೀ ಹಿಂದಿನ ಜನ್ಮದ ಪಾಪದಿಂದಾಗಲೀ ಇದು ಬಂತೆಂದು ತಾಯಿತಂದೆಗಳು ಕೊರಗಬೇಕಾದ ಕಾರಣವಿಲ್ಲ.

ಇದೇನೂ ಹೊಸ ಕಾಲದ ಕಾಯಿಲೆಯಲ್ಲ. ಉನ್ಮಾದವನ್ನು ಕುರಿತು ಚರಕಸಂಹಿತೆಯಲ್ಲಿಯೇ ವಿವೇಚನೆಯಿದೆ. ಏರಿಕೆ ಇಳಿಕೆಗಳೆರಡೂ ಒಂದೇ ಕಾಯಿಲೆಯ ಎರಡು ಮುಖಗಳೆಂದು ಜರ್ಮನಿಯ ವೈದ್ಯ ಎಮಿಲ್ ಕ್ರೇಪೆಲಿನ್ 1899ರಲ್ಲಿ ಸ್ಪಷ್ಟವಾಗಿ ನಿರೂಪಿಸಿದನು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ವರ್ಗೀಕರಣದಲ್ಲಿ ಬೈಪೋಲಾರ್ ಎಂಬ ಹೆಸರನ್ನು ಅಂಗೀಕರಿಸಿತು. ನಮ್ಮ ದೇಶದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿಕೊಟ್ಟ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಐದು ಮಂದಿ ಜೀವಮಾನದಲ್ಲಿ ಒಮ್ಮೆಯಾದರೂ ಈ ಕಾಯಿಲೆಗೆ ಒಳಗಾದವರು. ಹಾಗೆ ಒಳಗಾದವರಲ್ಲಿ ನೂರಕ್ಕೆ ಎಪ್ಪತ್ತು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಸಾವಿರ ಜನ ಸೇರುವ ಜಾತ್ರೆಯಲ್ಲಿ ಇಂಥ ನಾಲ್ಕೈದು ಮಂದಿ ನಮ್ಮ ನಡುವೆಯೇ ತೇರಿನ ಮಿಣಿ ಹಿಡಿದಿರುತ್ತಾರೆಂದು ಇದರ ಅರ್ಥ.

ನಿದರ್ಶನಕ್ಕಾಗಿ ನಮ್ಮ ಮರಳವಾಡಿ ಸೀಮೆಯ ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ಇವನು ಇಂಥವನೇ ಎಂದು ಯಾರೂ ಯಾರತ್ತಲೂ ಬೆರಳು ತೋರಬೇಕಾಗಿಲ್ಲ. ಇವನು ಕೇವಲ ವಿಚಾರಕ್ಕಾಗಿ ಹುಟ್ಟಿದವನು. ಮೂವತ್ತರ ಪ್ರಾಯ; ಎರಡು ಎಕರೆ ಹಿಪ್ಪುನೇರಳೆ, ಒಂದಿಷ್ಟು ರಾಗಿಯ ಹೊಲ, ಹುಳು ಸಾಕುವ ಮನೆ; ತಾಯಿ, ಹೆಂಡತಿ, ಒಬ್ಬ ತಮ್ಮ. ಮಾಘಮಾಸದಲ್ಲಿ ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದವನ ಮನಸ್ಸು ಏರತೊಡಗುತ್ತದೆ. ರಾತ್ರಿಯೆಲ್ಲ ಎಚ್ಚರವಾಗಿದ್ದು ಲೆಕ್ಕ ಹಾಕುತ್ತಾನೆ. ಮೂರು ಕೊಳವೆಬಾವಿ ಕೊರೆಸುವುದಾಗಿ ಮುಂಗಡ ಕೊಡುತ್ತಾನೆ. ಹೊಲವನ್ನು ಅರ್ಧ ಬೆಲೆಗೆ ಮಾರುವ ಕರಾರಿಗೆ ಸಹಿ ಹಾಕುತ್ತಾನೆ. ಜಾತ್ರೆಯ ದಿನ ಸಭೆಯಲ್ಲಿ ಎದ್ದು ನಿಂತು, ಶ್ರೀಮಠದ ದಾಸೋಹಕ್ಕೆ ಹತ್ತು ಲಕ್ಷ ರೂಪಾಯಿ ಕೊಡುವುದಾಗಿ ಸಾರುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಇದು ಅವನ ಮೊದಲನೆಯ ಮಾತು.

ಆಷಾಢದ ಹೊತ್ತಿಗೆ ಅವನೇ ಗೋಡೆಗೆ ಮುಖಮಾಡಿ ಮಲಗಿದ್ದಾನೆ. ಹುಳುಮನೆ ಬರಿದಾಗಿದೆ. 'ನನ್ನಿಂದ ಈ ಮನೆ ಹಾಳಾಯಿತು. ನಾನಿಲ್ಲದಿದ್ದರೆ ನೀವೆಲ್ಲ ಸುಖವಾಗಿರುತ್ತೀರಿ' ಎನ್ನುತ್ತಾನೆ. ಇದು ಅವನ ಎರಡನೆಯ ಮಾತು. ಕಾರ್ತಿಕದಲ್ಲಿ, ಚಿಕಿತ್ಸೆ ಫಲಿಸಿ ಮನಸ್ಸು ಹದಕ್ಕೆ ಬಂದ ಒಂದು ಸಂಜೆ, ತಮ್ಮನನ್ನು ಕರೆದು ಹೇಳುತ್ತಾನೆ: 'ಮುಂದೆ ನನಗೆ ಹಾಗಾದರೆ ನಾನು ಆಡುವ ಮಾತನ್ನು ಕೇಳಬೇಡ ಕಣಪ್ಪ. ನಾನು ಬೈದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗು.' ಇದು ಮೂರನೆಯ ಮಾತು.

ಮೂರೂ ಒಂದೇ ಬಾಯಿಂದ ಬಂದ ಮಾತುಗಳು. ಇವುಗಳಲ್ಲಿ ಯಾವುದು ಅವನ ಮಾತು?

ಮೂರೂ ಅವನವೇ, ಆಡಿದವನು ಅನುಭವಿಸಲಿ ಎಂದು ಕೆಲವರು ಹೇಳಿಯಾರು. ಕೊಟ್ಟ ಮಾತಿಗೆ ತಪ್ಪಬಾರದೆಂಬುದು ನಮ್ಮ ನಾಡಿನ ನೀತಿಯಲ್ಲವೆ? ಆದರೆ ಮಾತಿಗೆ ತಪ್ಪಬಾರದೆಂಬ ನೀತಿಯು, ಆ ಮಾತನ್ನು ಆಡುವಾಗ ಆಡಿದವನಿಗೆ ಅದರ ಅರಿವಿತ್ತೆಂಬ ಭಾವನೆಯ ಮೇಲೆ ನಿಂತಿದೆ. ಸನ್ನಿಯಲ್ಲಿ ಬಡಬಡಿಸಿದವನ ಮಾತನ್ನು ಯಾರೂ ಪ್ರತಿಜ್ಞೆಯೆಂದು ಹಿಡಿಯುವುದಿಲ್ಲ. ಇನ್ನು ಕೆಲವರು ಇದಕ್ಕೆ ವಿರುದ್ಧವಾದ ತುದಿಗೆ ಹೋಗಿ, ಒಮ್ಮೆ ತಲೆಕೆಟ್ಟವನ ಯಾವ ಮಾತಿಗೂ ಬೆಲೆಯಿಲ್ಲವೆನ್ನುತ್ತಾರೆ. ಅವನು ಗುಣಮುಖನಾಗಿ ಹತ್ತು ವರ್ಷ ಕಳೆದರೂ, ಮನೆಯ ಆಗುಹೋಗುಗಳಲ್ಲಿ ಅವನನ್ನು ಕೇಳುವವರಿಲ್ಲ. ಇದು ಮೊದಲನೆಯದಕ್ಕಿಂತಲೂ ಕ್ರೂರವಾದ ಅನ್ಯಾಯ. ಈ ಎರಡು ತಪ್ಪುಗಳನ್ನೂ ಬ್ರಿಟಿಷರ ಕಾಲದ ಕಾನೂನೇ ಮಾಡಿರಲಿಲ್ಲ. ಸಾಮಾನ್ಯವಾಗಿ ಸ್ವಸ್ಥಚಿತ್ತನಾಗಿದ್ದು ಆಗಾಗ ಅಸ್ವಸ್ಥನಾಗುವವನು ಆ ಅಸ್ವಸ್ಥ ಕಾಲದಲ್ಲಿ ಕರಾರು ಮಾಡುವಂತಿಲ್ಲ, ಸಾಮಾನ್ಯವಾಗಿ ಅಸ್ವಸ್ಥನಾಗಿದ್ದು ಆಗಾಗ ಸ್ವಸ್ಥನಾಗುವವನು ಸ್ವಸ್ಥ ಕಾಲದಲ್ಲಿ ಕರಾರು ಮಾಡಬಹುದು ಎಂದು 1872ರ ಭಾರತೀಯ ಕರಾರು ಅಧಿನಿಯಮದ 12ನೆಯ ಪ್ರಕರಣವು ಹೇಳುತ್ತದೆ. ಕಾನೂನು ವ್ಯಕ್ತಿಗೆ ಮುದ್ರೆ ಒತ್ತಲಿಲ್ಲ. ಮಾತು ಹುಟ್ಟಿದ ಗಳಿಗೆಯನ್ನು ವಿಚಾರಿಸಿತು.

ಆದರೆ ಕಾನೂನು ಹೇಳಿತೆಂದ ಮಾತ್ರಕ್ಕೆ ನೀತಿಯ ಪ್ರಶ್ನೆ ಮುಗಿಯುವುದಿಲ್ಲ. ಮೂರನೆಯ ಮಾತಿಗೆ ಉಳಿದೆರಡಕ್ಕಿಂತ ಹೆಚ್ಚಿನ ಅಧಿಕಾರ ಎಲ್ಲಿಂದ ಬಂತು? ಅದು ಮನೆಯವರಿಗೆ ಅನುಕೂಲವಾದ ಮಾತೆಂಬುದರಿಂದಲೆ? ಹಾಗಾದರೆ ಅದು ನ್ಯಾಯವಲ್ಲ. ಈ ಕಾಯಿಲೆಯುಳ್ಳ ಕೆಲವರು 'ಆ ಉತ್ಸಾಹದ ದಿನಗಳಲ್ಲಿಯೇ ನಾನು ನಿಜವಾಗಿ ನಾನಾಗಿದ್ದೆ. ಈಗಿರುವುದು ಔಷಧ ಕುಡಿಸಿ ಮಂಕು ಮಾಡಿದ ನಾನು' ಎಂದು ಹೇಳುವುದೂ ಉಂಟು. ಆ ಮಾತನ್ನು ತಳ್ಳಿಹಾಕದೆ ಉತ್ತರಿಸಬೇಕು.

ಉತ್ತರ ಹೀಗಿದೆಯೆಂದು ನನಗೆ ತೋರುತ್ತದೆ. ಏರಿದ ಮನಸ್ಸು ಇಳಿದ ಕಾಲವನ್ನು ನಂಬುವುದಿಲ್ಲ. ಆ ಕತ್ತಲೆ ಮತ್ತೆ ಬಾರದೆಂದೇ ತಿಳಿಯುತ್ತದೆ. ಇಳಿದ ಮನಸ್ಸು ಬೆಳಕಿನ ಕಾಲವನ್ನು ನಂಬುವುದಿಲ್ಲ. ತಾನು ಎಂದೂ ನಕ್ಕಿರಲಿಲ್ಲವೆಂದೇ ಅದರ ಭಾವನೆ. ಎರಡೂ ತಮ್ಮ ತಮ್ಮ ಗಳಿಗೆಯೊಳಗೆ ಸೆರೆಯಾಗಿವೆ. ಹದದಲ್ಲಿರುವ ಮನಸ್ಸು ಮಾತ್ರ ಮೂರನ್ನೂ ಕಾಣಬಲ್ಲದು. ಮಾಘದ ಹುರುಪನ್ನೂ ಆಷಾಢದ ಕತ್ತಲನ್ನೂ ಅದು ನೆನೆಯಬಲ್ಲದು. ಎರಡರ ಬೆಲೆಯನ್ನೂ ತೂಗಬಲ್ಲದು. ತಾಯಿ ಅತ್ತದ್ದು, ತಮ್ಮ ಸಾಲ ತಂದದ್ದು ಅದರ ಕಣ್ಣಿಗೆ ಬೀಳುತ್ತದೆ. ಹೆಚ್ಚು ಕಂಡವನ ಮಾತಿಗೆ ಹೆಚ್ಚು ಬೆಲೆ. ಪಂಚಾಯಿತಿ ಕಟ್ಟೆಯಲ್ಲಿಯೂ ನಾವು ಅನುಸರಿಸುವುದು ಇದೇ ನ್ಯಾಯವಲ್ಲವೆ? ಮೂರನೆಯ ಮಾತು ಅವನ ಮಾತಾಗುವುದು ಅದು ಶಾಂತವಾಗಿ ನುಡಿದ ಮಾತೆಂಬ ಕಾರಣಕ್ಕಲ್ಲ. ಅವನ ಇಡೀ ಬಾಳನ್ನು ಕಣ್ಣೆದುರಿಗಿಟ್ಟುಕೊಂಡು ನುಡಿದ ಮಾತೆಂಬ ಕಾರಣಕ್ಕೆ.

ಇಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಉಳಿದ ಕಾಯಿಲೆಗಳಲ್ಲಿ ಬುದ್ಧಿಯು ಕಾವಲುಗಾರನಂತೆ ಎಚ್ಚರವಾಗಿರುತ್ತದೆ. ಕಾಲು ನೋಯುತ್ತಿದೆಯೆಂದು ಅದು ಹೇಳುತ್ತದೆ. ಇಲ್ಲಿ ಕಾಯಿಲೆ ಹಿಡಿಯುವುದು ಕಾವಲುಗಾರನನ್ನೇ. ಹದದ ಕಾಲದ ಅರಿವು ತಲೆಯೊಳಗೆ ಮಾತ್ರ ಉಳಿದರೆ ಏರಿಕೆಯ ಮೊದಲ ಅಲೆಯಲ್ಲಿಯೇ ಕೊಚ್ಚಿಹೋಗುತ್ತದೆ. ಆದಕಾರಣ ಆ ಅರಿವನ್ನು ತಲೆಯ ಹೊರಗೆ ಎರಡು ಎಡೆಗಳಲ್ಲಿ ಇಟ್ಟುಕೊಳ್ಳಬೇಕು: ಒಂದು, ದಿನದಿನದ ಆಚಾರದಲ್ಲಿ, ಇನ್ನೊಂದು, ನಂಬಿಕೆಯ ಜನರಲ್ಲಿ. ಅರಿವು ಆಚಾರವಾಗದೆ ನಿಲ್ಲದೆಂಬ ಶರಣರ ನಿಲುವಿಗೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣ ದೊರೆಯುವುದು ಕಷ್ಟ.

ಆಚಾರಗಳಲ್ಲಿ ಮೊದಲನೆಯದು ನಿದ್ರೆ. ನಿದ್ರೆಗೇಡು ಏರಿಕೆಯ ಲಕ್ಷಣವಷ್ಟೇ ಅಲ್ಲ, ಕಾರಣವೂ ಆಗಬಲ್ಲದೆಂಬುದು ವೈದ್ಯರಿಗೆ ಚೆನ್ನಾಗಿ ತಿಳಿದ ಸಂಗತಿ. ಮಲಗುವ, ಏಳುವ, ಉಣ್ಣುವ ವೇಳೆಗಳು ನಿತ್ಯವೂ ಒಂದೇ ಆಗಿರುವುದು ಈ ಮನಸ್ಸಿಗೆ ದೊಡ್ಡ ಆಸರೆ. ರೇಷ್ಮೆ ಸಾಕುವವರಿಗೆ ಇದರಲ್ಲಿ ಒಂದು ಕಷ್ಟವುಂಟು. ನಾಲ್ಕನೆಯ ಜ್ವರದಿಂದ ಎದ್ದ ಹುಳು ಹಣ್ಣಾಗುವವರೆಗಿನ ಆರೇಳು ದಿನ ಇಡೀ ಬೆಳೆಯ ಸೊಪ್ಪಿನ ಬಹುಪಾಲನ್ನು ತಿಂದುಬಿಡುತ್ತದೆ. ಸರಿರಾತ್ರಿಯಲ್ಲಿಯೂ ಎದ್ದು ಸೊಪ್ಪು ಹಾಕಬೇಕಾಗುತ್ತದೆ. ನಮ್ಮ ರೈತನು ಆ ದಿನಗಳ ರಾತ್ರಿಯ ಪಾಳಿಯನ್ನು ತಮ್ಮನಿಗೆ ಒಪ್ಪಿಸಿ, ಹಗಲಿನ ಹೆಚ್ಚಿನ ದುಡಿಮೆಯನ್ನು ತಾನು ಹೊರಬೇಕು. ಇದು ಸೋಮಾರಿತನವಲ್ಲ, ಕಾಯಕವನ್ನು ಬಿಡದೆ ಉಳಿಸಿಕೊಳ್ಳುವ ದಾರಿ. ಹದವರಿತ, ವೇಳೆಗೆ ಕಟ್ಟುಬಿದ್ದ ಕಾಯಕಕ್ಕಿಂತ ಉತ್ತಮವಾದ ಊರುಗೋಲು ಈ ಮನಸ್ಸಿಗೆ ಇನ್ನೊಂದಿಲ್ಲ.

ಎರಡನೆಯದು ಔಷಧ. ಇವುಗಳಲ್ಲಿ ಲಿಥಿಯಂ ಪ್ರಮುಖವಾದುದು. ಇದು ಭೂಮಿಯಲ್ಲಿ ಸಹಜವಾಗಿ ದೊರೆಯುವ ಒಂದು ಧಾತು. ಉನ್ಮಾದವನ್ನು ಶಮನಗೊಳಿಸುವ ಇದರ ಗುಣವನ್ನು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದನು. ಏರಿಕೆ ಇಳಿಕೆಗಳು ಮರುಕಳಿಸದಂತೆ ತಡೆಯುವುದರಲ್ಲಿಯೂ ಆತ್ಮಹತ್ಯೆಯನ್ನು ತಗ್ಗಿಸುವುದರಲ್ಲಿಯೂ ಇದು ಹೆಸರಾಗಿದೆ. ಆದರೆ ಇದು ಹದ ತಪ್ಪಿದರೆ ವಿಷವಾಗುವ ಔಷಧ. ಆದುದರಿಂದ ನಿಯಮಿತವಾಗಿ ರಕ್ತ ಪರೀಕ್ಷೆ ಮಾಡಿಸಿ ಅದರ ಪ್ರಮಾಣವನ್ನೂ, ಮೂತ್ರಪಿಂಡ ಮತ್ತು ಥೈರಾಯ್ಡ್ ಗ್ರಂಥಿಗಳ ಸ್ಥಿತಿಯನ್ನೂ ನೋಡಿಕೊಳ್ಳಬೇಕು. ಬಾಯಾರಿ ಬಳಲುವುದು, ವಾಂತಿ ಭೇದಿ, ಒಮ್ಮೆಗೇ ಉಪ್ಪು ಬಿಡುವುದು, ಅಂಗಡಿಯಿಂದ ತಾವೇ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಇವೆಲ್ಲವೂ ರಕ್ತದಲ್ಲಿ ಲಿಥಿಯಂ ಏರುವಂತೆ ಮಾಡಬಲ್ಲವು. ಕೈ ವಿಪರೀತ ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಾಲ್ಪ್ರೊಯೇಟ್ ಎಂಬ ಇನ್ನೊಂದು ಔಷಧವು ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲುದಾದ್ದರಿಂದ, ಮಕ್ಕಳನ್ನು ಪಡೆಯುವ ವಯಸ್ಸಿನ ಹೆಣ್ಣುಮಕ್ಕಳು ಮೊದಲೇ ವೈದ್ಯರೊಡನೆ ಆ ವಿಚಾರ ಮಾತನಾಡಿಕೊಳ್ಳಬೇಕು. ಗುಣವಾಯಿತೆಂದು ತಾವೇ ಔಷಧ ನಿಲ್ಲಿಸುವುದು ಮರುಕಳಿಕೆಗೆ ಬಾಗಿಲು ತೆರೆದಂತೆ.

ಭಕ್ತರು ಕೇಳಬಹುದಾದ ಒಂದು ಪ್ರಶ್ನೆ ಇಲ್ಲಿ ಏಳುತ್ತದೆ. ಶಿವರಾತ್ರಿಯ ಜಾಗರಣೆ, ನಿರ್ಜಲ ಉಪವಾಸ, ಉಪ್ಪು ಬಿಟ್ಟ ವ್ರತಗಳ ಗತಿಯೇನು? ಈ ಕಾಯಿಲೆಯವರಿಗೆ ರಾತ್ರಿಯೆಲ್ಲ ನಿದ್ದೆಗೆಡುವುದು ಉನ್ಮಾದಕ್ಕೆ ಕರೆ ಕಳುಹಿಸಿದಂತೆ. ಲಿಥಿಯಂ ಸೇವಿಸುವವರಿಗೆ ನೀರು ಬಿಟ್ಟ ಉಪವಾಸ ಪ್ರಾಣಾಂತಿಕವೂ ಆಗಬಲ್ಲದು. ಸಂಜೆಯ ಪೂಜೆಯನ್ನು ಮುಗಿಸಿ, ಪ್ರಸಾದ ಸ್ವೀಕರಿಸಿ, ಔಷಧ ನುಂಗಿ ವೇಳೆಗೆ ಮಲಗುವವನು ಭಕ್ತಿಯಲ್ಲಿ ಯಾರಿಗೂ ಕಡಿಮೆಯಲ್ಲ. ಎಚ್ಚರವಾಗಿರುವುದೇ ಜಾಗರಣೆಯ ಅರ್ಥವಾದರೆ, ತನ್ನ ಮನಸ್ಸಿನ ಗುಣವನ್ನರಿತು ಅದಕ್ಕೆ ತಕ್ಕಂತೆ ನಡೆಯುವವನು ವರ್ಷವಿಡೀ ಜಾಗರಣೆ ಮಾಡಿದವನೇ ಸರಿ. ಪಕ್ಕದ ಮನೆಯವರು ಏನೆಂದುಕೊಂಡಾರೆಂದು ಅವನನ್ನು ಒತ್ತಾಯಿಸಿ ಎಬ್ಬಿಸಿ ಕೂರಿಸುವವರು ಮಾತ್ರ ಯೋಚಿಸಬೇಕು.

ಇನ್ನು ಎರಡನೆಯ ಎಡೆ, ನಂಬಿಕೆಯ ಜನ. ನಮ್ಮ ರೈತನು ತಮ್ಮನಿಗೆ ಹೇಳಿದ ಮಾತಿಗೆ ಇಂದು ಕಾನೂನಿನ ಬಲವೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು 2018ರ ಮೇ 29ರಿಂದ ಜಾರಿಗೆ ಬಂದಿತು. ಪ್ರಾಪ್ತವಯಸ್ಕನಾದ ಯಾವನೇ ಆಗಲಿ, ತನಗೆ ಮನಸ್ಸಿನ ಕಾಯಿಲೆ ಬಂದರೆ ಯಾವ ಬಗೆಯ ಆರೈಕೆ ಬೇಕು, ಯಾವುದು ಬೇಡ, ತನ್ನ ಪರವಾಗಿ ತೀರ್ಮಾನ ಮಾಡುವವರು ಯಾರು ಎಂಬುದನ್ನು ಮುಂಗಡವಾಗಿ ಬರೆದಿಡಲು ಅದು ಹಕ್ಕು ನೀಡಿದೆ. ತೀರ್ಮಾನ ಕೈಗೊಳ್ಳುವ ಶಕ್ತಿ ತಪ್ಪಿದಾಗ ಮಾತ್ರ ಆ ಬರಹ ಜೀವ ತಳೆಯುತ್ತದೆ; ಶಕ್ತಿ ಮರಳಿದೊಡನೆ ಅಧಿಕಾರವೂ ಅವನಿಗೇ ಮರಳುತ್ತದೆ. ತುರ್ತು ಚಿಕಿತ್ಸೆಗೆ ಅದು ಅಡ್ಡಬರುವುದಿಲ್ಲ. ಹದದ ಮನಸ್ಸಿನ ಮಾತನ್ನು ಹದಗೆಟ್ಟ ಕಾಲಕ್ಕೆ ಕಾಯ್ದಿಡುವ ಏರ್ಪಾಡು ಇದು. ಕಾಗದದ ಜೊತೆಗೆ ಮನೆಯೊಳಗಿನ ಒಪ್ಪಂದವೂ ಇರಲಿ: ಸತತವಾಗಿ ಎರಡು ರಾತ್ರಿ ನಿದ್ರೆ ಕೆಟ್ಟರೆ ವೈದ್ಯರಲ್ಲಿಗೆ ಹೋಗುವುದು, ಇಂತಿಷ್ಟು ಮೀರಿದ ಹಣದ ವ್ಯವಹಾರಕ್ಕೆ ಇಬ್ಬರ ಸಹಿ ಬೇಕೆನ್ನುವುದು, ಇತ್ಯಾದಿ. ಈ ಒಪ್ಪಂದವನ್ನು ಕಾಯಿಲೆಯವನೇ ಮುಂದಾಗಿ ಬರೆಯಬೇಕು. ಅವನಿಗೆ ತಿಳಿಯದಂತೆ ಉಳಿದವರು ಬರೆದದ್ದು ಒಪ್ಪಂದವೆನಿಸದು.

ಮನೆಯವರನ್ನು ಚಿಕಿತ್ಸೆಯ ಪಾಲುದಾರರನ್ನಾಗಿ ಮಾಡಿಕೊಳ್ಳುವುದು ನಮ್ಮ ದೇಶದ ಮನೋವೈದ್ಯಕ್ಕೆ ಹೊಸತಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಬಂಧುಗಳೂ ಅವರೊಡನೆ ಉಳಿಯುವಂತೆ ಮಾಡಿದರು. ಕಾಯಿಲೆಯ ಸ್ವರೂಪವನ್ನು ಕಣ್ಣಾರೆ ಕಂಡ ಬಂಧುಗಳು ರೋಗಿಯನ್ನು ಬಿಟ್ಟುಹೋಗದೆ ಮನೆಗೆ ಕರೆದೊಯ್ದರು. ನಮ್ಮ ಸೀಮೆಗೆ ನೆರೆಯದಾದ ಆನೇಕಲ್ ತಾಲ್ಲೂಕಿನಲ್ಲಿ, ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ, 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಸಂಸ್ಥೆಯು ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡತೊಡಗಿತು. ಹಳ್ಳಿಯ ರೋಗಿಗೆ ಹಳ್ಳಿಯ ಹತ್ತಿರದಲ್ಲಿಯೇ ಚಿಕಿತ್ಸೆ ದೊರೆಯಬೇಕೆಂಬ ವಿಚಾರ ಹೀಗೆ ನಮ್ಮ ಪಕ್ಕದಲ್ಲಿಯೇ ರೂಪು ತಳೆಯಿತು. ಚನ್ನಪಟ್ಟಣದವರಾದ ಡಾ. ಸಿ. ಆರ್. ಚಂದ್ರಶೇಖರ್ ಅವರು ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದು, ಮನಸ್ಸಿನ ಕಾಯಿಲೆಗಳನ್ನು ಕುರಿತು ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಬಹುಸಂಖ್ಯೆಯ ಪುಸ್ತಕಗಳನ್ನು ರಚಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಕೈಗೆಟುಕುವ ದೂರದಲ್ಲಿ ಇಷ್ಟು ಸೌಕರ್ಯವಿರುವಾಗ ತಾಯಿತ ಕಟ್ಟಿಸುತ್ತ, ಬೇವಿನ ಸೊಪ್ಪಿನಲ್ಲಿ ಹೊಡೆಸುತ್ತ ವರ್ಷ ಕಳೆಯುವುದು ನಾವು ನಮ್ಮವರಿಗೆ ಮಾಡುವ ಅಪಚಾರ.

ನಂಬಿಕೆಯನ್ನು ಪಡೆದವರಿಗೂ ಧರ್ಮವುಂಟು. ಅದು ರೋಗಿಯ ಧರ್ಮಕ್ಕಿಂತ ಸುಲಭವಾದುದೇನಲ್ಲ. ಒಮ್ಮೆ ಕಾಯಿಲೆ ಬಂದವನು ಜೋರಾಗಿ ನಕ್ಕರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ನ್ಯಾಯವಾಗಿ ಸಿಟ್ಟುಗೊಂಡರೆ 'ಮಾತ್ರೆ ತೆಗೆದುಕೊಂಡೆಯಾ?' ಎಂದು ಕೇಳುತ್ತಾರೆ. ಈ ಪ್ರಶ್ನೆ ಎದೆಗೆ ನಾಟುವ ಬಾಣ. ಹಿಗ್ಗುವ ಹಕ್ಕನ್ನೂ ಮುನಿಯುವ ಹಕ್ಕನ್ನೂ ಕಳೆದುಕೊಂಡವನಿಗೆ ಉಳಿಯುವುದೇನು? ಅವನು ಕಾವಲು ಕೇಳಿದ್ದು ಬಿರುಗಾಳಿಗೆ. ಪ್ರತಿಯೊಂದು ತಂಗಾಳಿಗೂ ಬಾಗಿಲು ಮುಚ್ಚಿರೆಂದು ಅವನು ಹೇಳಿರಲಿಲ್ಲ. ಅವನ ಕಾಯಿಲೆಯನ್ನು ನೆಪಮಾಡಿ ಆಸ್ತಿಯ ಪಾಲು ಕಸಿಯುವ ದಾಯಾದಿಗಳು ಕೊಟ್ಟ ನಂಬಿಕೆಗೆ ದ್ರೋಹ ಬಗೆದವರು. ಒಪ್ಪಂದದಲ್ಲಿ ಬರೆದ ಲಕ್ಷಣ ಕಂಡಾಗ ಮಾತ್ರ ಮಧ್ಯೆ ಬರುವುದು, ಉಳಿದ ದಿನಗಳಲ್ಲಿ ಅವನನ್ನು ಮನೆಯ ಹಿರಿಯನಂತೆಯೇ ನಡೆಸಿಕೊಳ್ಳುವುದು, ಇದೇ ನಂಬಿಕೆಯನ್ನು ಉಳಿಸುವ ರೀತಿ.

ಸಭೆಯಲ್ಲಿ ಸಾರಿದ ಹತ್ತು ಲಕ್ಷದ ಮಾತನ್ನು ಮರೆಯುವಂತಿಲ್ಲ. ಆ ದಾನವನ್ನು ಸ್ವೀಕರಿಸಬಹುದೆ? ಸ್ವೀಕರಿಸಬಾರದೆಂದೇ ನನ್ನ ಅಭಿಪ್ರಾಯ. ದಾಸೋಹದ ಬೆಲೆಯಿರುವುದು ಕೊಟ್ಟ ಮೊತ್ತದಲ್ಲಲ್ಲ, ಕೊಟ್ಟವನ ಅರಿವಿನಲ್ಲಿ. ಶಕ್ತಿಮೀರಿದ ಕೊಡುಗೆಯನ್ನು ಒಬ್ಬನು ಹಠಾತ್ತನೆ ಸಾರಿದಾಗ ಚಪ್ಪಾಳೆ ತಟ್ಟುವುದಕ್ಕೆ ಮೊದಲು, ಮಠಗಳ ಹಾಗೂ ದೇವಾಲಯಗಳ ವ್ಯವಸ್ಥಾಪಕರು ಮನೆಯವರನ್ನು ವಿಚಾರಿಸಬೇಕು; ಕೆಲವು ತಿಂಗಳು ಕಾಯಬೇಕು. ಹದದ ಮನಸ್ಸಿನಿಂದ ಅವನು ಕಾರ್ತಿಕದಲ್ಲಿ ತರುವ ಒಂದು ಸೇರು ರಾಗಿ, ಮಾಘದ ಹತ್ತು ಲಕ್ಷಕ್ಕಿಂತ ಪವಿತ್ರವಾದುದು. ಹಾಗೆಯೇ, ಉನ್ಮಾದದಲ್ಲಿ ತನಗೆ ಸಾಕ್ಷಾತ್ಕಾರವಾಯಿತೆಂದು ನುಡಿಯುವವನ ಕಾಲಿಗೆ ಬಿದ್ದು ಹಣ್ಣುಕಾಯಿ ಒಪ್ಪಿಸುವವರು ಅವನ ಕಾಯಿಲೆಗೆ ಆಹುತಿ ಹಾಕುತ್ತಿದ್ದಾರೆಂದು ತಿಳಿಯಬೇಕು.

ಏರಿಕೆ ಇಳಿದ ಮೇಲೆ ಉಳಿಯುವ ಸಾಲ, ಮುರಿದ ಸ್ನೇಹ, ಆಡಿದ ಬಿರುನುಡಿಗಳ ವಿಚಾರವೂ ಉಂಟು. ಅದು ನನ್ನ ತಪ್ಪಲ್ಲ, ಕಾಯಿಲೆಯದು ಎಂದು ಅವನು ಕೈತೊಳೆದುಕೊಳ್ಳಬಹುದೆ? ಅಥವಾ ಎಲ್ಲವೂ ನನ್ನ ಪಾಪವೆಂದು ಎದೆ ಬಡಿದುಕೊಳ್ಳಬೇಕೆ? ನನ್ನ ಮನೆಯ ಎತ್ತು ಹಗ್ಗ ಹರಿದುಕೊಂಡು ನೆರೆಯವನ ಹೊಲ ಮೇಯ್ದರೆ ನಾನು ಕಳ್ಳನಾಗುವುದಿಲ್ಲ. ಆದರೂ ನಷ್ಟ ತುಂಬಿಕೊಡುತ್ತೇನೆ, ಮರುದಿನ ಗಟ್ಟಿಯಾದ ಹಗ್ಗ ತರುತ್ತೇನೆ. ಇಲ್ಲಿಯೂ ಅಷ್ಟೆ. ಬೇಕೆಂದು ಮಾಡಿದ್ದಲ್ಲವಾದ್ದರಿಂದ ಪಾಪವಿಲ್ಲ. ಆದರೆ ಸರಿಪಡಿಸುವ ಹೊಣೆ ಅವನದೇ. ನೊಂದವರ ಮುಂದೆ ತಲೆಬಾಗುವುದು, ಆದಷ್ಟು ಸಾಲ ತೀರಿಸುವುದು, ಔಷಧ ತಪ್ಪಿಸದಿರುವುದು, ಇವು ಅವನ ಪ್ರಾಯಶ್ಚಿತ್ತ. ಹೊಣೆ ಹೊರುವುದರಿಂದ ಅವನ ಮಾನ ಕುಂದುವುದಿಲ್ಲ. ಅವನನ್ನು ಮತ್ತೆ ಮನುಷ್ಯರ ಸಾಲಿನಲ್ಲಿ ನಿಲ್ಲಿಸುವುದೇ ಅದು.

ಖಿನ್ನತೆಯ ಕಾಲದ ಎರಡನೆಯ ಮಾತಿಗೆ, ತಾನಿರದಿದ್ದರೆ ಒಳ್ಳೆಯದೆಂಬ ಮಾತಿಗೆ, ವಿಶೇಷವಾದ ಎಚ್ಚರ ಬೇಕು. ಅದನ್ನು ನಾಟಕವೆಂದು ಹೀಗಳೆಯಬಾರದು. ಧೈರ್ಯ ತಂದುಕೋ ಎಂದು ಗದರಿಸಿ ಮುಗಿಸಲೂಬಾರದು. ಹುಳು ಜ್ವರಕ್ಕೆ ಕೂತಾಗ ಅದು ಸೊಪ್ಪು ಮುಟ್ಟುವುದಿಲ್ಲ, ಅಲುಗುವುದಿಲ್ಲ. ಸತ್ತಿತೆಂದು ಯಾವ ರೈತನೂ ಅದನ್ನು ಎಸೆಯುವುದಿಲ್ಲ, ತಿನ್ನೆಂದು ಬಲವಂತ ಮಾಡುವುದೂ ಇಲ್ಲ. ಮನೆಯನ್ನು ಹದವಾಗಿಟ್ಟು ಕಾಯುತ್ತಾನೆ, ಏಕೆಂದರೆ ಅದು ಏಳುವುದೆಂದು ಅವನು ಬಲ್ಲ. ಆದರೆ ಮನುಷ್ಯನ ವಿಷಯದಲ್ಲಿ ಕಾಯುವುದೊಂದೇ ಸಾಲದು. ಅವನನ್ನು ಒಂಟಿಯಾಗಿ ಬಿಡದೆ, ಹೊಲಕ್ಕೆ ಹೊಡೆಯುವ ಔಷಧವೇ ಮೊದಲಾದುವನ್ನು ಕೈಗೆ ಸಿಗದಂತೆ ತೆಗೆದಿರಿಸಿ, ಸಾಯುವ ಯೋಚನೆ ಬರುತ್ತಿದೆಯೆ ಎಂದು ನೇರವಾಗಿ, ಪ್ರೀತಿಯಿಂದ ಕೇಳಿ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೆ ಹೂತಿಟ್ಟದ್ದು ಹೊರಗೆ ಬರುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಸಲಹೆ ದೊರೆಯುತ್ತದೆ. ಈ ಸಂಖ್ಯೆಯನ್ನು ಪ್ರತಿ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಒಳ್ಳೆಯದು.

ಕೊನೆಗೆ ಒಂದು ಆಕ್ಷೇಪ ಉಳಿಯುತ್ತದೆ. ಸಮಚಿತ್ತವೆಂಬುದು ಸಾಧನೆಯಿಂದ ಒದಗಬೇಕಾದ ಸಂಪತ್ತು. ಮಾತ್ರೆಯಿಂದ ಬಂದ ಸಮಾಧಾನಕ್ಕೆ ಏನು ಬೆಲೆ? ಕನ್ನಡಕ ಹಾಕಿಕೊಂಡು ಓದಿದವನ ಓದಿಗೆ ಬೆಲೆಯಿಲ್ಲವೆ? ಮಾತ್ರೆ ಯಾರಿಗೂ ಸಮಚಿತ್ತವನ್ನು ಕೊಡುವುದಿಲ್ಲ. ಅದು ಕಾಲೂರಲು ನೆಲವನ್ನು ಮಾತ್ರ ಕೊಡುತ್ತದೆ. ಆ ನೆಲದ ಮೇಲೆ ನಿಂತು ಲೋಭವನ್ನು ಗೆಲ್ಲುವುದು, ಕೋಪವನ್ನು ತಡೆಯುವುದು, ಪರರಿಗೆ ಮಿಡಿಯುವುದು ಎಲ್ಲರಂತೆ ಅವನೂ ಮಾಡಬೇಕಾದ ಸಾಧನೆ. ಸಹಜವಾಗಿಯೇ ಸಮವಾದ ಮನಸ್ಸನ್ನು ಪಡೆದ ನಾವು ಅದನ್ನು ನಮ್ಮ ಗಳಿಕೆಯೆಂದು ಬೀಗುವಂತಿಲ್ಲ. ಅದು ನಮಗೆ ಬಿಟ್ಟಿಯಾಗಿ ಬಂದ ನೆಲ. ಬೆಲೆ ತೆತ್ತು ದಿನದಿನವೂ ಆ ನೆಲವನ್ನು ಉಳಿಸಿಕೊಳ್ಳುವವನು ನಮ್ಮೆದುರಿಗೆ ತಲೆತಗ್ಗಿಸಬೇಕಾದ ಕಾರಣವೇನಿದೆ?

ಪ್ರಸಾದನಿಲಯದಲ್ಲಿ ಜೊತೆಯಲ್ಲಿ ಉಂಡವರು, ಒಂದೇ ಚಾಪೆಯ ಮೇಲೆ ಮಲಗಿ ಓದಿದವರು ಈಗ ನಾಡಿನ ನಾನಾ ಕಡೆ ಇದ್ದೀರಿ. ಶಿಕ್ಷಕರಾಗಿ, ನೌಕರರಾಗಿ, ಊರಿನ ಹಿರಿಯರಾಗಿ ಇದ್ದೀರಿ. ನಿಮ್ಮ ಶಾಲೆಯ ಒಬ್ಬ ಹುಡುಗ ನಿದ್ದೆಯಿಲ್ಲದೆ ಹಲವು ರಾತ್ರಿ ಓದಿ ಅಸಂಬದ್ಧವಾಗಿ ಹಾರಾಡಿದರೆ, ಅಥವಾ ತಿಂಗಳಿಂದ ಯಾರೊಡನೆಯೂ ಮಾತಾಡದೆ ಕೂತರೆ, ಅವನನ್ನು ಹೊರಹಾಕುವ ಮುನ್ನ ಈ ಮಾತುಗಳನ್ನು ನೆನೆಯಿರಿ. ಹದದಲ್ಲಿದ್ದಾಗ ಅವನು ಆಡುವ ಮಾತನ್ನು ಕಿವಿಗೊಟ್ಟು ಕೇಳಿ, ಅದನ್ನು ಜೋಪಾನವಾಗಿ ಇಟ್ಟುಕೊಂಡು, ಹದ ತಪ್ಪಿದಾಗ ಅವನಿಗೆ ಅದನ್ನು ಹಿಂದಿರುಗಿಸಿ. ಒಬ್ಬ ಮನುಷ್ಯನ ಮಾತನ್ನು ಅವನಿಗಾಗಿ ಕಾಯ್ದು ಕೊಡುವುದು ಅನ್ನ ನೀಡುವುದಕ್ಕಿಂತ ಕಡಿಮೆಯ ದಾಸೋಹವೇನೂ ಅಲ್ಲ.